ಏಳನೆಯ ಮನೆ ಸಾಮ್ದಿ

ಅಳಿಯ ಡಾರ್ಸಿಗೆ ಫ್ರೆಂಚಿನಲ್ಲಿ ವಾರದ ಹೆಸರು ಕಲಿಸಿದವಳು ನಾನೇ. ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಸೌಟಿನಲ್ಲಿ ಒಂದೊಂದೇ ಮನೆ ಕುಟ್ಟಿ ಹೇಳಿಸಿದೆ: ಮೊದಲನೆಯದು ದಿಮಾಂಶ್, ಮೂರನೆಯದು ಮಾರ್ದಿ, ಏಳನೆಯದು ಸಾಮ್ದಿ. ನಮ್ಮಲ್ಲಿ ವಾರ ಭಾನುವಾರದಿಂದ ಶುರು. ಅವನು ಕೆನಡಾದ ಪಶ್ಚಿಮಕ್ಕಿರುವ ಸಸ್ಕಾಚವಾನ್ ಕಡೆಯ ಇಂಗ್ಲಿಷಿನವನು. ನನಗೂ ಇಂಗ್ಲಿಷ್ ಬರುತ್ತದೆ, ಅವನಿಗೆ ಹೇಳಿಲ್ಲ. ಫ್ರೆಂಚ್ ಆಡುವ ಕೆಬೆಕ್‌ನಲ್ಲಿ ಹುಟ್ಟಿದವಳು ನನ್ನ ಅಡುಗೆಮನೆಯಲ್ಲಿ ಅದನ್ನೇಕೆ ಆಡಲಿ?

ನಮ್ಮೂರ ಕಾಗದದ ಕಾರ್ಖಾನೆಯಲ್ಲಿ ಅವನಿಗೆ ಸಂದರ್ಶನವಿತ್ತು, ಫ್ರೆಂಚಿನಲ್ಲೇ. ಕೆಲಸ ಸಿಗದಿದ್ದರೆ ನನ್ನ ಒಬ್ಬಳೇ ಮಗಳು ಮಿರೇಯ್‌ಳನ್ನು ಕರೆದುಕೊಂಡು ತನ್ನೂರಿಗೆ ಹೊರಡುವವನಿದ್ದ. ಅದನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ.

ಮಿರೇಯ್ ನರ್ಸ್. ಎರಡು ವಾರ ಉತ್ತರದ ಆಸ್ಪತ್ರೆಗೆ ಹೋಗಿದ್ದಳು. ಒಬ್ಬನೇ ಇದ್ದಾನಲ್ಲ ಪಾಪ ಎಂದು "ಸಾಮ್ದಿ ಊಟಕ್ಕೆ ಬಾ" ಎಂದಿದ್ದೆ. ಶನಿವಾರ ಆರು ಗಂಟೆ ಕಾಲ ಒಲೆಯಲ್ಲಿಟ್ಟು, ಮಾಂಸ ತುಂಬಿದ ತೂರ್ತಿಯೇರ್ ಎಂಬ ಪೈ ಬೇಯಿಸಿದೆ. ಆಸಾಮಿ ಪತ್ತೆಯೇ ಇಲ್ಲ! ಫೋನ್ ಮಾಡಲು ನನಗೇನು ಗರಜು?

ಮರುದಿನ ಚರ್ಚಿನಿಂದ ಬಂದು ಕೋಟು ಬಿಚ್ಚುತ್ತಿದ್ದೆ. ಟೈ ಕಟ್ಟಿಕೊಂಡು, ಹೂ ಹಿಡಿದು ಡಾರ್ಸಿ ಬಾಗಿಲಲ್ಲಿ ನಿಂತಿದ್ದ.

"ಈಗ ಬಂದ್ಯಾ ಮಹಾರಾಯ? ತಂಗಳು ತಿನ್ನೋಕೆ?"

ಅವನು ತನ್ನ ಹರಕು ಫ್ರೆಂಚಿನಲ್ಲಿ ಕೇಳಿದ. "ಇವತ್ತು ಸಾಮ್ದಿ ಅಲ್ವಾ, ಮದಾಮ್? ಏಳನೇ ಮನೆ. ಎರಡೆರಡು ಸಲ ಎಣಿಸಿದೀನಿ."

ತನ್ನ ಮನೆಯ ಕ್ಯಾಲೆಂಡರಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದ. ಅಯ್ಯೋ ದೇವರೇ! ವಾರದ ಹೆಸರೇ ಇಲ್ಲ, ಬರೀ ತಾರೀಖಿನ ಮನೆಗಳು; ಫ್ರಾನ್ಸಿನ ಮಠದಲ್ಲಿರುವ ನನ್ನ ಅಕ್ಕ ಕಳಿಸಿದ್ದು. ಹೊಸ ವರ್ಷಕ್ಕೆ ಅದನ್ನು ಮಗಳು-ಅಳಿಯನಿಗೆ ಕೊಟ್ಟವಳೂ ನಾನೇ. ಅಲ್ಲಿಯವರ ವಾರ ಸೋಮವಾರದಿಂದ ಶುರು, ಏಳನೆಯ ಮನೆ ಭಾನುವಾರ!

ತಟ್ಟನೆ ಕಾರ್ಖಾನೆಯ ವಿಷಯ ನೆನಪಾಯಿತು. "ಸಂದರ್ಶನ ಯಾವತ್ತೋ?"

"ಮುಂದಿನ ಮಾರ್ದಿ. ಫೋನಲ್ಲಿ ಹೇಳಿದ್ರು."

"ಎಲ್ಲಿ, ತೋರ್ಸು."

ಅವನ ಬೆರಳು ಮೂರನೆಯ ಮನೆಯ ಮೇಲೆ ನಿಂತಿತು. ಬುಧವಾರ.

"ಟ್ಯೂಸ್‌ಡೇ ಕಣೋ! ಮಾರ್ದಿ ಅಂದ್ರೆ ಟ್ಯೂಸ್‌ಡೇ!" ಎಂದು ಇಂಗ್ಲಿಷಿನಲ್ಲೇ ಕೂಗಿಬಿಟ್ಟೆ.

ಅವನು ಮೊಬೈಲು ಕೆಳಗಿಳಿಸಿ ನನ್ನತ್ತ ನೋಡಿದ. "ನಿಮಗೆ ಇಂಗ್ಲಿಷ್ ಬರುತ್ತಾ?"

"ಇವತ್ತೊಂದಿನ ಬರುತ್ತೆ. ಬಾ, ಕೂತ್ಕೋ."

ತಂಗಳು ತೂರ್ತಿಯೇರನ್ನು ಬಿಸಿ ಮಾಡಿ ಬಡಿಸಿದೆ. ನನ್ನ ಹಟಕ್ಕೆ ಮಗಳನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂದುಕೊಂಡು ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದೆ. ಸಂಜೆಯವರೆಗೂ ಎರಡೂ ಭಾಷೆಯಲ್ಲಿ ವಾರ, ತಿಂಗಳು ಎಲ್ಲ ಬಾಯಿಪಾಠ ಮಾಡಿಸಿದೆ.

ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಅಚ್ಚ ಫ್ರೆಂಚಿನಲ್ಲಿ ಕೇಳಿದ:

"ಕೆಲಸ ಸಿಕ್ತು. ಸಾಮ್ದಿ ಊಟಕ್ಕೆ ಬರ್ಲಾ, ಅತ್ತೆ? ನಮ್ಮನೇಲಿ ಆರನೇ ಮನೆ, ನಿಮ್ಮನೇಲಿ ಏಳನೇದು."

ಮದುವೆಯಾಗಿ ಎರಡು ವರ್ಷ ಬರೀ ಮದಾಮ್ ಎನ್ನುತ್ತಿದ್ದವನು. "ಬಾರಪ್ಪ" ಎನ್ನಲು ಹೋದೆ, ಅಳು ಬಂದುಬಿಟ್ಟಿತು.