ಹತ್ತಿದಳೋ, ಇಳಿದಳೋ

"ಈಕೆ ಹಡಗು ಹತ್ತುತ್ತಿದ್ದಾಳೋ, ಇಳೀತಿದ್ದಾಳೋ? ಅದೊಂದು ಹೇಳಿಬಿಡಿ ಮೇಷ್ಟ್ರೇ," ಎಂದಳು ತದ್ದೆಯಾ. ಅವಳ ಮುಂದಿದ್ದ ಚರ್ಮದ ಹಾಳೆಯಲ್ಲಿ ಚಿತ್ರಕ್ಕೆಂದು ಬಿಟ್ಟ ಚೌಕ ಖಾಲಿಯಿತ್ತು. ಅದರ ಅಂಚಿನಲ್ಲಿ ಪುಸ್ತಕದ ವ್ಯಾಪಾರಿ ಗೀನೊ ಗೀಚಿಟ್ಟಿದ್ದು ಇಷ್ಟೇ: ಹೆಂಗಸು, ಹಡಗು, ದಡ.

ಲಾಪೊ ತಲೆಯೆತ್ತಲಿಲ್ಲ. "ನನಗೇನು ಗೊತ್ತು?"

"ಚಳಿಗಾಲವೆಲ್ಲ ಇದನ್ನೇ ಬರೀತಾ ಕೂತಿದ್ದೀರಿ!"

"ಬರೆದ ಕವಿ ಸತ್ತು ಸಾವಿರ ವರ್ಷದ ಮೇಲಾಯ್ತು. ನಾನು ನಕಲು ಮಾಡೋನು. ಓದ್ತಾ ಕೂತರೆ ಕೈ ಓಡಲ್ಲ ಕಣಮ್ಮ."

ಅದು ನಿಜವೇ. ಫ್ಲಾರೆನ್ಸಿನ ಪುಸ್ತಕದಂಗಡಿಗಳ ಬೀದಿಯಲ್ಲಿ ಲಾಪೊನ ದುಂಡನೆಯ ಅಕ್ಷರಕ್ಕೆ ಹೆಸರಿತ್ತು. ಲ್ಯಾಟಿನ್ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಓದುವ ನಕಲುಗಾರ ತನ್ನ ಮಾತು ಸೇರಿಸಿಬಿಡುತ್ತಾನೆ ಎಂದು ಗುರು ಹೇಳಿಕೊಟ್ಟಿದ್ದನ್ನು ಅವನು ಮುದುಕನಾಗುವವರೆಗೂ ಬಿಟ್ಟಿರಲಿಲ್ಲ. ಧರ್ಮೋಪದೇಶವೋ, ಕಾನೂನೋ, ಕಾವ್ಯವೋ, ಅವನ ಕಣ್ಣಿಗೆ ಬೀಳುತ್ತಿದ್ದುದು ಗೆರೆ ಮತ್ತು ಬಳುಕು ಮಾತ್ರ.

ತದ್ದೆಯಾಗೆ ಲ್ಯಾಟಿನ್ ಬಾರದು. ಪ್ಲೇಗಿನಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕುಂಚಗಳನ್ನು ಎತ್ತಿಕೊಂಡು, ಲಾಪೊನ ಕೋಣೆಯಲ್ಲೇ ಕಿಟಕಿಯ ಪಕ್ಕ ಬಾಡಿಗೆಗೆ ಜಾಗ ಹಿಡಿದಿದ್ದಳು. ಅವಳು ಸುಮ್ಮನಾಗುವ ಪೈಕಿಯಲ್ಲ. "ಹತ್ತುವವಳ ಮುಖ ಬೇರೆ, ಇಳಿಯುವವಳ ಮುಖ ಬೇರೆ. ಹೆಂಗೆ ಬರೀಲಿ?" ಎಂದು ಮರುದಿನವೂ ಶುರುಮಾಡಿದಳು. ಅವಳ ಬಾಯಿ ಮುಚ್ಚಿಸಲೆಂದು ಲಾಪೊ ಹಿಂದಿನ ಹಾಳೆಗಳನ್ನು ತಿರುವಿ ಕಣ್ಣಾಡಿಸಿದ.

"ರೋಮಿನ ಮೇಲೆ ತಿರುಗಿಬಿದ್ದ ಒಂದು ದ್ವೀಪದ ದಂಡನಾಯಕನ ಹೆಂಡತಿ. ಯುದ್ಧಕ್ಕೆ ಹೋದ ಗಂಡ ವಾಪಸು ಬಂದಿಲ್ಲ. ಊರಿಗೆ ಬೆಂಕಿ ಬಿದ್ದಿದೆ. ಉಳಿದಿರೋದು ಒಂದೇ ಹಡಗು."

"ಆಮೇಲೆ?"

ಅವನು ಇನ್ನೊಂದು ಹಾಳೆ ತಿರುವಿದ. ಮತ್ತೊಂದು ತಿರುವಿದ. ಕಡಲೆಕಾಳಿನ ಸಾರು ಆರಿ ತಣ್ಣಗಾಯಿತು. ಆ ಮಧ್ಯಾಹ್ನ ಬರೆಯಲು ಕೂತವನು ಒಂದೇ ಪದವನ್ನು ಎರಡು ಸಲ ಬರೆದುಬಿಟ್ಟ. ಅಳಿಸಲು ಚಾಕುವಿನಿಂದ ಚರ್ಮ ಕೆರೆಯುವಾಗಲೂ ಅವನ ಕಣ್ಣು ಮೂಲಪ್ರತಿಯ ಮುಂದಿನ ಸಾಲಿನ ಮೇಲೆಯೇ ಇತ್ತು.

ಆದರೆ ಹೆಂಗಸು ದಡಕ್ಕೆ ಬಂದಳು ಎನ್ನುವಲ್ಲಿಗೆ ಮೂಲಪ್ರತಿ ನಿಂತುಹೋಗಿತ್ತು. ಕೊನೆಯ ಹಾಳೆ ಯಾವ ಕಾಲದಲ್ಲೋ ಕಿತ್ತುಹೋಗಿತ್ತು.

"ಅಲ್ಲಿಗೇ ಮುಗೀತು ಅಂತ ಕೆಂಪು ಮಸಿಯಲ್ಲಿ ಬರೆದುಬಿಡಿ," ಎಂದ ಗೀನೊ. "ಮದುವೆ ಉಡುಗೊರೆ ಇದು. ಮದುಮಗ ರಟ್ಟಿನ ಬೆಳ್ಳಿ ಕೊಂಡಿ ನೋಡ್ತಾನೆ, ಚಿತ್ರ ನೋಡ್ತಾನೆ. ಕೊನೇವರೆಗೆ ಓದೋಕೆ ಅವನಿಗೇನು ಹುಚ್ಚೇ?"

"ನನಗೆ ಹಿಡಿದಿದೆಯಲ್ಲ, ಏನು ಮಾಡ್ಲಿ?" ಎಂದ ಲಾಪೊ.

"ಸಂತ ಯೋಹಾನರ ಹಬ್ಬಕ್ಕೆ ಪುಸ್ತಕ ಕೈಗೆ ಬರದಿದ್ರೆ, ನನ್ನ ಅಂಗಡಿ ಕೆಲಸದ ಆಸೆ ಬಿಟ್ಟುಬಿಡಿ."

ಕೋಟೆಬಾಗಿಲು ದಾಟಿ ವರ್ಷಗಳೇ ಆಗಿದ್ದ ಲಾಪೊ ಹೇಸರಗತ್ತೆಯೊಂದನ್ನು ಬಾಡಿಗೆಗೆ ಹಿಡಿದು ಕಾಸೆಂತೀನೊ ಬೆಟ್ಟ ಹತ್ತಿದ. ಅಲ್ಲಿನ ಮಠದಲ್ಲಿ ಇದೇ ಕಾವ್ಯದ ಹಳೆಯ ಪ್ರತಿಯಿದೆಯೆಂದು ಅವನು ಕೇಳಿದ್ದ. ಪುಸ್ತಕಗಳನ್ನು ಕಾಯುತ್ತಿದ್ದ ಸನ್ಯಾಸಿ ಇಲಾರಿಯೊ, ಬಾಯಲ್ಲಿ ಹಲ್ಲಿಲ್ಲದ ಮುದುಕ, ಅವನನ್ನು ಮೇಲಿಂದ ಕೆಳಗೆ ನೋಡಿದ.

"ಕ್ರಿಸ್ತನನ್ನೇ ಅರಿಯದ ಕವಿ. ಅವನಿಗಾಗಿ ಇಷ್ಟು ದೂರ ಬಂದ್ರಾ?"

"ಕೊನೆಗೇನಾಯ್ತು ತಿಳೀಬೇಕಿತ್ತು ಸ್ವಾಮಿ."

ಮುದುಕ ಗೊಳ್ಳನೆ ನಕ್ಕ. "ಇಷ್ಟು ಕಾಲ ಇದನ್ನು ಕಾಯ್ತಾ ಇದ್ದೀನಿ, ನನಗೇ ಗೊತ್ತಿಲ್ಲ! ಜೋರಾಗಿ ಓದಿ. ಕಿವಿ ಮಂದ."

ಹುಳು ತಿಂದ ದಪ್ಪ ಪುಸ್ತಕದ ಕೊನೆಯ ಹಾಳೆಯನ್ನು ಲಾಪೊ ನಿಂತೇ ಓದಿದ. "ಇನ್ನೊಂದು ಸಲ," ಎಂದ ಇಲಾರಿಯೊ, ಅಲ್ಲೇ ಬೆಂಚಿನ ಮೇಲೆ ಕೂರುತ್ತ. ಎರಡನೆಯ ಸಲ ಓದಿಯಾದ ಮೇಲೆಯೇ ಲಾಪೊ ಲೇಖನಿ ತೆಗೆದದ್ದು.

ಊರಿಗೆ ಮರಳಿದಾಗ ಹಬ್ಬದ ತೋರಣಗಳನ್ನು ಬಿಚ್ಚುತ್ತಿದ್ದರು. ಗೀನೊ ಆಡಿದಂತೆಯೇ ನಡೆದುಕೊಂಡಿದ್ದ. ಮುಂದಿನ ಪುಸ್ತಕ ಎದುರು ಅಂಗಡಿಯ ನಕಲುಗಾರನ ಪಾಲಾಗಿತ್ತು. ಇದನ್ನಾದರೂ ಬೇಗ ಮುಗಿಸಿಕೊಡಬೇಕಂತೆ. ಲಾಪೊ ನಿಟ್ಟುಸಿರುಬಿಟ್ಟು ಹೆಗಲ ಚೀಲ ಇಳಿಸಿದ.

"ಸಿಕ್ತಮ್ಮ. ಹೇಳಲೇ?"

"ಬೇಡ," ಎಂದಳು ತದ್ದೆಯಾ. ಬಣ್ಣ ಕಲಸಿಟ್ಟ ಚಿಪ್ಪುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. "ಮೊದಲಿಂದ ಓದಿ. ನಮ್ಮ ಮಾತಲ್ಲಿ."

ಲಾಪೊ ಮೊದಲ ಹಾಳೆಯಿಂದ ಓದುತ್ತ, ಊರಿನ ಮಾತಿನಲ್ಲಿ ಅರ್ಥ ಹೇಳುತ್ತ ಹೋದ. ಗೀನೊ ಮತ್ತೆ ಮತ್ತೆ ಹೇಳಿಕಳಿಸಿದ; ಯಾರೂ ಏಳಲಿಲ್ಲ. ದಿನಗಳು ಉರುಳಿದವು. ಕೊನೆಗೊಂದು ಬೆಳಿಗ್ಗೆ ಬೆಟ್ಟದಿಂದ ತಂದ ಹಾಳೆ ಬಂತು. ಹೆಂಗಸು ಊರಿನ ಮಕ್ಕಳನ್ನೂ ಮುದುಕರನ್ನೂ ಹಡಗಿಗೆ ಹತ್ತಿಸಿದಳು. ಹಗ್ಗ ಬಿಚ್ಚಲು ಪುರುಸೊತ್ತಿರಲಿಲ್ಲ. ನೀರಿಗಿಳಿದು ತಾನೇ ಅದನ್ನು ಕಡಿದಳು.

"ತಾನು ಹತ್ತಲಿಲ್ಲವಾ?"

"ಇಲ್ಲ. ಗಂಡ ಬಂದರೆ ದಡದಲ್ಲಿ ಯಾರಾದರೂ ಇರಬೇಕಲ್ಲ ಅಂದಳಂತೆ."

"ಬಂದನಾ?"

"ಕವಿ ಹೇಳಿಲ್ಲ."

ತದ್ದೆಯಾ ಒದ್ದೆ ಬಟ್ಟೆ ಸರಿಸಿದಳು. ಹಡಗನ್ನು ಚೌಕದ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಚಿಕ್ಕದಾಗಿ ಗುರುತು ಮಾಡಿದಳು. ಹೆಂಗಸಿನ ಮುಖಕ್ಕೆ ಕೈಹಾಕಲಿಲ್ಲ. ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡಿಕೊಂಡು, ಮೊದಲು ಪಾದಗಳನ್ನು ಬರೆದಳು. ಆಮೇಲೆ ಅವುಗಳ ಮೇಲೆ, ಬೆರಳುಗಳು ಕಾಣುವಷ್ಟು ತೆಳ್ಳಗೆ, ನೀರು.