ಮೂರು ಬೆರಳಿನ ಸಂದು

ಐವತ್ತೆಂಟನೇ ಇಸವಿಯಲ್ಲಿ ನನ್ನ ತೂಕದಿಂದ ಒಂದು ಕುದುರೆ ಆಕಾಶಕ್ಕೆ ಹೋಯಿತು. ಅದನ್ನು ಕಂಡವರು ಚಿಕ್ಕಬಳ್ಳಾಪುರದಲ್ಲಿ ಇನ್ನೂ ಇದ್ದಾರೆ. ನಾನು ಆವುಲಪ್ಪ, ಆಲೂಗಡ್ಡೆ ಮಂಡಿಯವನು. ಆಗ ನಾನು ಗಾದಿಯ ಮೇಲೆ ಕೂತರೆ ಪಕ್ಕದ ಅಂಗಡಿಯ ತಕ್ಕಡಿ ತಾನಾಗಿ ಆಡುತ್ತಿತ್ತು.

ಮದುವೆಯ ಮಾರನೆಯ ದಿನ ಮಗಳು ಶ್ಯಾಮಲಳನ್ನು ಶಿಡ್ಲಘಟ್ಟದ ಗಂಡನ ಮನೆಗೆ ಕಳಿಸಲು ಗಾಡಿಯವ ದಸ್ತಗಿರ್ ತನ್ನ ಜಟ್ಕಾ ತಂದ. ಜಟ್ಕಾಕ್ಕೆ ಇರುವುದು ಎರಡೇ ಚಕ್ರ. ಹಿಂದೆ ಭಾರ ಹೆಚ್ಚಾದರೆ ಮುಂದೆ ಕುದುರೆಗೆ ಕಟ್ಟಿದ ಕೋಲುಗಳು ಮೇಲೇಳುತ್ತವೆ. "ಮುಂದಕ್ಕೆ ಬನ್ನಿ ಯಜಮಾನ್ರೆ" ಎಂದು ಅವನು ಎಷ್ಟು ಹೇಳಿದರೂ ಕೇಳದೆ ನಾನು ಮಗಳ ಪಕ್ಕ ಹಿಂದೆಯೇ ಕೂತೆ. ಅವನ ಕುದುರೆ ಗುಲಾಬಿ ನಾಲ್ಕು ಕಾಲೂ ಎತ್ತಿಕೊಂಡು ಮೇಲೆ ಹೋಯಿತು. ನೆಲ ಬಿಟ್ಟದ್ದು ಅದಕ್ಕೆ ಗೊತ್ತಾಗಲೇ ಇಲ್ಲ, ಗಾಳಿಯಲ್ಲೇ ಅರ್ಧ ಮೈಲಿ ಓಡಿತು. ದಸ್ತಗಿರ್ ಕಾಲು ಮೈಲಿ ಅನ್ನುತ್ತಾನೆ, ಅವನಿಗೆ ಉತ್ಪ್ರೇಕ್ಷೆ ಹಿಡಿಸುವುದಿಲ್ಲ. ಆದರೆ ಬೀಗರ ಕಣ್ಣೆದುರಿಗೇ ನಾನೂ ಮಗಳೂ ರಸ್ತೆಗೆ ಉರುಳಿದೆವು. ಅವಳ ಹಸಿರು ಬಳೆಗಳಲ್ಲಿ ಮೂರು ಒಡೆದವು.

ಬೀಗಿತ್ತಿ ಮುನಿಶಾಮಮ್ಮ ಸೆರಗು ಬಿಗಿದು ಹೇಳಿದರು: "ಬೀಗರೇ, ನಾಳೆ ಬಾಣಂತನಕ್ಕೆ ಕರ್ಕೊಂಡು ಹೋಗೋಕೆ ನೀವು ಬರ್ಬೇಡಿ. ಯಾರನ್ನಾದ್ರೂ ಕಳ್ಸಿ. ಆಗ ಅವಳು ಎರಡು ಜೀವ ಆಗಿರ್ತಾಳೆ."

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಮಗಳ ಚೊಚ್ಚಲ ಬಸಿರಿಗೆ ಅಪ್ಪನೇ ಹೋಗಿ ಕರೆತರದಿದ್ದರೆ ಆ ಅಪ್ಪ ಯಾಕೆ?

ಅದೇ ವರ್ಷ ನನ್ನ ಹೊಟ್ಟೆಹುಣ್ಣು ಜೋರಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಜಠರದ ಮುಕ್ಕಾಲು ಪಾಲು ತೆಗೆದರು. ತೆಗೆದದ್ದನ್ನು ಇಬ್ಬರು ಹೊತ್ತುಕೊಂಡು ಹೋದರು. ಆರು ತಿಂಗಳಲ್ಲಿ ನಾಲ್ಕು ಮಣ ಇಳಿದೆ. ನನ್ನ ಹಳೆಯ ಒಂದು ಅಂಗಿಯಲ್ಲಿ ಹೆಂಡತಿ ಆಂಜಿನಮ್ಮ ಎರಡು ಕಿಟಕಿಗೆ ಪರದೆ ಹೊಲಿದಳು, ಉಳಿದದ್ದು ಎತ್ತಿನ ಬೆನ್ನಿಗೆ ಹೊದಿಸುವ ಜೂಲಾಯಿತು.

"ಕೊಯ್ಯೋದು ನನ್ನ ಕೆಲಸ, ಮುಗೀತು. ಇನ್ನು ಕಾಲಾಡಿಸೋದು ನಿಮ್ಮ ಕೆಲಸ. ಕೂತ್ರೆ ಎಲ್ಲಾ ವಾಪಸ್ ಬರುತ್ತೆ" ಎಂದಿದ್ದರು ಡಾಕ್ಟರು.

ನಾನು ತಲೆಯಾಡಿಸಿ ಬಂದು ಗಾದಿಯ ಮೇಲೆ ಕೂತೆ. ಚಿಕ್ಕ ಹೊಟ್ಟೆಗೆ ಒಂದು ಇಡೀ ಮುದ್ದೆ ಹಿಡಿಸುತ್ತಿರಲಿಲ್ಲ, ಅದಕ್ಕೇ ಗಳಿಗೆಗೊಂದು ಚಕ್ಕುಲಿ ತಿಂದೆ. ವರ್ಷ ತಿರುಗುವುದರಲ್ಲಿ ಗಾದಿಯ ಹಳೇ ಗುಂಡಿ ನನ್ನನ್ನು ಗುರುತು ಹಿಡಿಯಿತು.

ಆಗ ಶಿಡ್ಲಘಟ್ಟದಿಂದ ಕಾಗದ ಬಂತು. ಶ್ಯಾಮಲಳಿಗೆ ನಾಲ್ಕು ತಿಂಗಳು. ಏಳರಲ್ಲಿ ಕರೆತರಬೇಕು.

ನೇರವಾಗಿ ಜಟ್ಕಾ ಸ್ಟ್ಯಾಂಡಿಗೆ ಹೋದೆ. "ದಸ್ತಗಿರ್, ಒಂದು ಸಲ ಹಿಂದೆ ಕೂತು ನೋಡ್ಲಾ?"

ಅವನು ಕುದುರೆಗೆ ಅಡ್ಡ ನಿಂತ. "ಯಜಮಾನ್ರೆ, ಗುಲಾಬಿಗೆ ವಯಸ್ಸಾಯ್ತು. ಈ ವಯಸ್ಸಲ್ಲಿ ಆಕಾಶ ತೋರಿಸ್ಬೇಡಿ."

ಸ್ಟ್ಯಾಂಡೆಲ್ಲ ನಕ್ಕಿತು. ಕೊನೆಗೆ ಅವನು ಗುಲಾಬಿಯ ಹೊಟ್ಟೆಯ ಕೆಳಗಿನ ಚರ್ಮದ ಪಟ್ಟಿ ಹಿಡಿದುಕೊಂಡು ನನ್ನನ್ನು ಕೂರಿಸಿದ. ಹಿಂದೆ ಭಾರವಾದರೆ ಆ ಪಟ್ಟಿ ಕುದುರೆಯ ಹೊಟ್ಟೆಗೆ ಬಿಗಿಯುತ್ತದೆ.

"ಪಟ್ಟಿಗೂ ಹೊಟ್ಟೆಗೂ ಮಧ್ಯೆ ಒಂದು ಬೆರಳೂ ತೂರ್ತಿಲ್ಲ" ಎಂದ.

"ಎಷ್ಟು ತೂರ್ಬೇಕು?"

"ಮೂರು ತೂರಿದ್ರೆ ಮಗಳನ್ನೂ ಕೂರಿಸ್ಕೊಂಡು ಬರ್ಬೋದು."

ಮಾರನೆಯ ಬೆಳಗ್ಗೆಯಿಂದ ಜಟ್ಕಾದ ಹಿಂದೆ ನಡೆದೆ. ಸ್ಟೇಷನ್ನಿಂದ ಪೇಟೆಗೆ, ಪೇಟೆಯಿಂದ ನಂದಿ ಬೆಟ್ಟದ ಬುಡಕ್ಕೆ, ಮತ್ತೆ ಸ್ಟೇಷನ್ನಿಗೆ. ಒಳಗೆ ಕೂತ ಪ್ಯಾಸೆಂಜರುಗಳಿಗೆ ನಾನೇ ತಮಾಷೆ.

"ಏನ್ ಆವುಲಪ್ಪನೋರೆ, ಕುದುರೇನ ಮುಂದೆ ಕಟ್ತಾರೆ, ನೀವು ಹಿಂದೆ ಕಟ್ಟಿಸ್ಕೊಂಡಿದ್ದೀರಲ್ಲ."

"ಜೋಡಿ ಕುದುರೆ ಕಣಪ್ಪ" ಎನ್ನುತ್ತಿದ್ದೆ, ಉಸಿರಿದ್ದರೆ.

ಆಂಜಿನಮ್ಮ ಚಕ್ಕುಲಿ ಡಬ್ಬಿಯನ್ನು ನೆರೆಮನೆಗೆ ದಾಟಿಸಿ ಆರು ಹೊತ್ತು ಪುಟ್ಟ ಲೋಟದಲ್ಲಿ ರಾಗಿ ಅಂಬಲಿ ಕೊಟ್ಟಳು. ಮಂಡಿಯಲ್ಲಿ ಮೂಟೆಗಳನ್ನು ನಾನೇ ಎತ್ತಿಡತೊಡಗಿದೆ, ಹಮಾಲರು ಕೆಲಸ ಹೋಯಿತೆಂದು ಹೆದರಿದರು. ಅಮಾವಾಸ್ಯೆಗೊಂದು ಸಲ ಪರೀಕ್ಷೆ. ಮೊದಲನೆಯದಕ್ಕೆ ಒಂದು ಬೆರಳು ತೂರಿತು, ಎರಡನೆಯದಕ್ಕೆ ಎರಡು. ಮೂರನೆಯದಕ್ಕೆ ದಸ್ತಗಿರ್ ಬಗ್ಗಿ ನೋಡಿ, "ಮೂರನೇದು ಉಗುರುವರೆಗೆ ಹೋಯ್ತು" ಎಂದ.

"ಸಾಕಾ?"

"ಉಗುರಿನ ಮೇಲೆ ಬಸುರಿ ಹೆಂಗ್ಸನ್ನ ಕೂರಿಸ್ತೀರಾ?"

ಉಳಿದಿದ್ದು ಎಂಟು ದಿನ. ಆ ಎಂಟು ದಿನದಲ್ಲಿ ನಾನು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದರೆ ಕಾಶಿ ಮುಟ್ಟಿ, ಮಿಕ್ಕಿದ್ದನ್ನು ಸುತ್ತಿ ತರಬಹುದಿತ್ತು. ಹೊರಟ ದಿನವೂ ಖಾಲಿ ಜಟ್ಕಾದ ಹಿಂದೆ ಶಿಡ್ಲಘಟ್ಟದವರೆಗೆ ನಡೆದೇ ಹೋದೆ.

ಮುನಿಶಾಮಮ್ಮ ಹೊಸ್ತಿಲಲ್ಲಿ ನಿಂತು ನನ್ನ ಬೆನ್ನ ಹಿಂದೆ ಇಣುಕಿದರು. "ಬೀಗರು ಬರ್ಲಿಲ್ಲ ತಾನೆ? ನೀವು ಅವರ ಕಡೆಯೋರಾ?"

"ನಾನೇ ಕಣಮ್ಮ ಬೀಗ."

ಅವರು ನನ್ನನ್ನು ಎರಡು ಸುತ್ತು ಸುತ್ತಿ ನೋಡಿದರು. "ಹಂಗಾದ್ರೆ ಮೊದ್ಲು ನೀವೊಬ್ರೇ ಹಿಂದೆ ಕೂತ್ಕೊಳಿ."

ಬೀದಿಯವರೆಲ್ಲ ಸೇರಿದರು. ನಾನು ಕೂತೆ. ಗುಲಾಬಿ ಒಂದು ಸಲ ಕಿವಿ ಆಡಿಸಿ ನೆಲದ ಮೇಲೆಯೇ ನಿಂತಿತು. ದಸ್ತಗಿರ್, "ಅಮ್ಮ, ನೀವೇ ಕೈ ಹಾಕಿ" ಎಂದ. ಮುನಿಶಾಮಮ್ಮ ಬಗ್ಗಿ ಪಟ್ಟಿಯೊಳಗೆ ಬೆರಳು ತೂರಿಸಿದರು. ಮೂರೂ ಹೋದವು. ಅವರ ಬೆರಳು ಸಣ್ಣವು ಅನ್ನುವುದು ನನಗೂ ಹೊಳೆಯಿತು, ದಸ್ತಗಿರನಿಗೂ ಹೊಳೆಯಿತು. ಅವನು ತನ್ನ ದಪ್ಪ ಬೆರಳುಗಳನ್ನು ಹಾಕಿ ನೋಡಿದ. ಮೂರೂ ಬುಡದವರೆಗೆ ಹೋದವು. ಅವನು ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಶ್ಯಾಮಲಾ, ಹೋಗಮ್ಮ. ನಿಮ್ಮಪ್ಪನ ಪಕ್ಕ ಕೂತ್ಕೋ" ಎಂದರು ಮುನಿಶಾಮಮ್ಮ.

ಊರು ದಾಟಿದ ಮೇಲೆ ನಾನು ಇಳಿದು ಪಕ್ಕದಲ್ಲಿ ನಡೆಯತೊಡಗಿದೆ.

"ಯಾಕಪ್ಪ ಇಳಿದೆ? ಇಷ್ಟೆಲ್ಲ ಮಾಡಿದ್ದು ಕೂರೋಕೆ ತಾನೆ?" ಎಂದಳು ಮಗಳು.

"ಕೂತ್ರೆ ಚಕ್ಕುಲಿ ಜ್ಞಾಪಕ ಬರುತ್ತೆ ಕಣಮ್ಮ."

ನಮ್ಮೂರಿನ ಹತ್ತಿರದ ಏರಿನಲ್ಲಿ ಗುಲಾಬಿ ನಿಧಾನಿಸಿತು, ನಾನು ನಿಧಾನಿಸಲಿಲ್ಲ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಆಂಜಿನಮ್ಮ ಗಾಬರಿಯಾದಳು. "ಜಟ್ಕಾ ಎಲ್ಲಿ?"

"ಬರ್ತಾ ಇದೆ. ಪಾಪ, ಕುದುರೆ ತಾನೆ."

ಜಟ್ಕಾ ಬಂತು. ಶ್ಯಾಮಲ ನನ್ನ ಭುಜ ಹಿಡಿದು ಇಳಿದು, ಎರಡೂ ಕೈ ಎತ್ತಿ ಬಳೆ ಅಲ್ಲಾಡಿಸಿ ತೋರಿಸಿದಳು. ಒಂದೂ ಒಡೆದಿರಲಿಲ್ಲ.

ಮಾರನೆಯ ಬೆಳಗ್ಗೆ ನೋಡಿದರೆ ಗುಲಾಬಿ ನಮ್ಮ ಬಾಗಿಲಲ್ಲಿತ್ತು. ನಾನು ಹಿಂದೆ ಬರದಿದ್ದರೆ ಅದು ಹೆಜ್ಜೆ ಇಡುವುದಿಲ್ಲವಂತೆ. ಇದನ್ನು ದಸ್ತಗಿರನೂ ಒಪ್ಪುತ್ತಾನೆ.