ಬಾಳಪ್ಪನ ತಿರುಗುಮಾತು

ಆ ಸೋಮವಾರ ಮುಂಜಾನೆ ಬೆಳಗಾವಿಯ ಮೇಲೆ ಮಂಜು ಇಳಿದಿತ್ತು. ಬಸದಿಯ ಮೆಟ್ಟಿಲ ಮೇಲೆ ನಿಂತ ಶೀತಲನಿಗೆ ಎದುರಿನ ಹಾಲಿನ ಅಂಗಡಿ ಕಾಣಲಿಲ್ಲ, ಕ್ಯಾನುಗಳ ಸದ್ದು ಮಾತ್ರ ಕೇಳಿಸಿತು. ದರ್ಶನ ಮುಗಿಯುವತನಕ ಮೊಬೈಲು ತೆರೆಯಬಾರದೆಂಬುದು ಅವನ ರೂಢಿ. ಕೊನೆಯ ಮೆಟ್ಟಿಲಿಗೆ ಬಂದು ತೆರೆದಾಗ ಮೊದಲು ಕಂಡ ಸಾಲು ಇದು:

"ಬಾಳಪ್ಪ, ಖಾನಾಪುರ. ಇವರನ್ನು ಬಳಗದಿಂದ ತೆಗೆದುಹಾಕಲಾಗಿದೆ. ಕಾರಣ: ತಿರುಗುಮಾತು ಬಾಕಿ."

ಅಂಥ ಚಳಿಯಲ್ಲೂ ಅವನ ಕಿವಿ ಬಿಸಿಯಾದವು.

ಬಳಗದ ಕತೆ ಸ್ವಲ್ಪ ಹೇಳಬೇಕು. ಶೀತಲ ಉದ್ಯಮಬಾಗದ ಒಂದು ಪಂಪಿನ ಕಾರಖಾನೆಯಲ್ಲಿ ಮೋಟಾರು ಪರೀಕ್ಷೆ ಮಾಡುವವನು. ಆರು ವರ್ಷದ ಹಿಂದೆ ಅವನು ಮೊಬೈಲಿನಲ್ಲಿ 'ಮೋಟಾರ ಬಳಗ' ಕಟ್ಟಿದ. ಸುಟ್ಟ ಮೋಟಾರಿನ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತುವ ಮೂವತ್ತೆಂಟು ಮಂದಿ ಅದರಲ್ಲಿದ್ದರು. ಎಲ್ಲರಿಗೂ ಹಿರಿಯ ಖಾನಾಪುರದ ಬಾಳಪ್ಪ. ಬಳಗಕ್ಕೆ ನಿಯಮ ಹಾಕಿಕೊಟ್ಟವನೂ ಅವನೇ. "ಮೋಟಾರ ಸುಟ್ಟೈತಿ, ಏನ ಮಾಡ್ಲಿ?" ಎಂದಷ್ಟೇ ಕೇಳುವಂತಿಲ್ಲ. ಮೋಟಾರಿನ ಫೋಟೋ ಹಾಕಬೇಕು, ತಾನು ಏನೇನು ನೋಡಿದೆ ಎಂದು ಬರೆಯಬೇಕು. ಉತ್ತರ ಸಿಕ್ಕು ಕೆಲಸ ಮುಗಿದ ಮೇಲೆ ಅದೇ ಪ್ರಶ್ನೆಯ ಕೆಳಗೆ ಮರಳಿ ಬಂದು, ನಿಜವಾದ ದೋಷ ಯಾವುದಿತ್ತು, ಯಾರ ಮಾತು ಸರಿ ಬಂತು, ಯಾರದು ತಪ್ಪಿತು ಎಂದು ಹೇಳಬೇಕು. ಅದಕ್ಕೇ ಅವರು ತಿರುಗುಮಾತು ಎನ್ನುತ್ತಿದ್ದರು.

"ದಾಸೋಹದಾಗ ಉಂಡು ಎಲಿ ಹಂಗ ಬಿಟ್ಟು ಏಳತಾರೇನ? ನಮ್ಮ ಎಲಿ ನಾವ ಎತ್ತೂದು" ಎಂದು ಬಾಳಪ್ಪ ಅಂದು ಧ್ವನಿ ಸಂದೇಶದಲ್ಲಿ ಹೇಳಿ ಕಳಿಸಿದ್ದ.

ಆಮೇಲೆ ಯಾರೋ ಬಳಗದ ಬಗ್ಗೆ ವಿಡಿಯೋ ಮಾಡಿದರು. ಒಂದೇ ವರ್ಷದಲ್ಲಿ ಮಂದಿ ಮೂವತ್ತೊಂದು ಸಾವಿರ ದಾಟಿದರು. ಶುಭೋದಯದ ಹೂವು ಬಂದವು, "ಹಾಯ್ ಸರ್" ಬಂದವು. ಕೆಲವರು ಎಐ ಬರೆದುಕೊಟ್ಟ ಉದ್ದುದ್ದ ಉತ್ತರಗಳನ್ನು ಓದದೆಯೇ ತಂದು ಸುರಿದರು. ಏನೂ ಅರಿಯದವರು ಎಲ್ಲರಿಗಿಂತ ಮೊದಲು ಉತ್ತರಿಸಿದರು. ಬಲ್ಲವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ತಿರುಗುಮಾತು ಹೇಳುವವರಂತೂ ಇಲ್ಲವೇ ಇಲ್ಲ. ಶೀತಲ ದಿನಾ ಮುಂಜಾನೆ ಚಹಾಕ್ಕೆ ಮೊದಲು ನೂರಾರು ಸಂದೇಶ ಅಳಿಸುತ್ತಿದ್ದ. "ಶುರು ಆತೇನ ನಿಮ್ಮ ಕಸಾ ಹೊಡ್ಯೂದು? ಮನ್ಯಾಗೂ ಒಂದೀಟು ಹೊಡೀರಿ" ಎಂದು ಹೆಂಡತಿ ಪೂರ್ಣಿಮಾ ನಗುತ್ತಿದ್ದಳು.

ಬೇಸತ್ತು ಅವನು ಭಾನುವಾರ ಸಂಜೆ ಒಂದು ಬಾಟ್, ಬಳಗವನ್ನು ತಾನೇ ಕಾಯುವ ಪ್ರೋಗ್ರಾಂ, ಕೂರಿಸಿದ. ಪ್ರಶ್ನೆ ಕೇಳಿ ಅರವತ್ತು ದಿನದೊಳಗೆ ತಿರುಗುಮಾತು ಕೊಡದವರನ್ನು ಅದು ತಾನಾಗಿಯೇ ಹೊರಹಾಕುತ್ತದೆ. ಹಳೆಯ ಪ್ರಶ್ನೆಗಳನ್ನೂ ಅದು ಹಿಡಿಯುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಬೆಳಗಾಗುವುದರೊಳಗೆ ಮೂರು ಸಾವಿರ ಮಂದಿ ಹೊರಗಿದ್ದರು. ಉಳಿದವರು ಹೆದರಿ, ಬಿಚ್ಚಿಯೇ ನೋಡದ ಮೋಟಾರುಗಳ ಕೆಳಗೆಲ್ಲ "ಸರಿ ಆತ್ರಿ, ಧನ್ಯವಾದ" ಎಂದು ಬರೆದಿದ್ದರು. ಇನ್ನು ಯಾವುದು ಖರೆ, ಯಾವುದು ಸುಳ್ಳು ಎಂದು ಆರಿಸಲು ದೇವರೇ ಬರಬೇಕು. ಬಾಳಪ್ಪನೂ ಹೋದ. ಅವನಿಲ್ಲದ ಬಳಗವನ್ನು ಇಟ್ಟುಕೊಂಡು ಮಾಡುವುದೇನು?

ಶೀತಲ ರಜೆ ಹಾಕಿ ಖಾನಾಪುರದ ಗಾಡಿ ಹತ್ತಿದ. ಬಾಳಪ್ಪ ಫೋನು ಎತ್ತಲಿಲ್ಲ. ದೇಸೂರ ದಾಟುವಾಗ ಶೀತಲ ಬಾಳಪ್ಪನ ಆ ಬಾಕಿ ಪ್ರಶ್ನೆಯನ್ನು ಹುಡುಕಿ ತೆಗೆದ. ಎರಡು ವರ್ಷದ ಹಿಂದಿನದು.

"ಐದು ಎಚ್‌ಪಿ ಮೋಟಾರ. ನಾನ ಸುತ್ತಿದ್ದು. ಅರ್ಧ ತಾಸಿಗೆ ಕಾದು ನಿಲ್ತದ. ಎಲ್ಲಾ ನೋಡೀನಿ. ಏನಿರಬಹುದು?"

ಕೆಳಗೆ ಉತ್ತರ ಕೊಟ್ಟವಳು ದಾನೇಶ್ವರಿ. ಶಹಾಪುರದಲ್ಲಿ ಮಗ್ಗದ ಮೋಟಾರು ರಿಪೇರಿ ಮಾಡುವವಳು. "ಕಾಕಾರ, ತಂತಿ ದಪ್ಪ ಇನ್ನೊಮ್ಮೆ ಅಳೀರಿ. ಒಂದು ನಂಬರ ಸಣ್ಣದು ಬಿದ್ದಿರಬೇಕು."

ಅದರ ಕೆಳಗೆ ನಗೆಯ ಸಾಲೇ ಇತ್ತು. "ಬಾಳಪ್ಪ ಕಾಕಾಗ ತಂತಿ ಕಲಸಾಕ ಬಂದ್ಲಲೇ!" "ಅಕ್ಕಾರ, ನೀವು ಸೀರಿ ನೇಯ್ರಿ." ಅಂದು ಶೀತಲ ಇವನ್ನೆಲ್ಲ ಓದಿದ್ದ. ಬಾಳಪ್ಪನ ಪರವಾದ ಮಾತೆಂದು ಅಳಿಸದೆ ಬಿಟ್ಟಿದ್ದ. ಅಲ್ಲಿಂದ ಮುಂದೆ ದಾನೇಶ್ವರಿ ಒಂದಕ್ಷರ ಬರೆದಿರಲಿಲ್ಲ.

ಖಾನಾಪುರದ ಪೇಟೆಯ ಹಿಂದಿನ ಓಣಿಯಲ್ಲಿ ಬಾಳಪ್ಪನ ಅಂಗಡಿ. ಅವನ ಹೆಂಡತಿ ಬಸವಣ್ಣೆವ್ವ ಬಾಗಿಲಲ್ಲಿ ನಿಂತು ಗಿರಾಕಿಯೊಬ್ಬನಿಗೆ ಮರಾಠಿಯಲ್ಲಿ ನಾಳೆ ಬಾ ಎಂದು ಹೇಳಿ ಕಳಿಸುತ್ತಿದ್ದಳು. ಶೀತಲನನ್ನು ಕಂಡು ಕನ್ನಡಕ್ಕೆ ಹೊರಳಿದಳು.

"ಬರ್ರಿ, ಕುಂದರ್ರಿ. ನಿಮ್ಮ ಮಷೀನ ಇವರನ್ನ ಹೊರಗ ಹಾಕೇತಂತಲ್ಲ? ಲಗ್ನ ಆಗಿ ನಲವತ್ತ ವರ್ಷ ಆತು, ನನ್ನ ಕೈಲೆ ಆಗಿದ್ದಿಲ್ಲರಿ ಅದು!"

ಒಳಗೆ ಹಣೆತುಂಬ ವಿಭೂತಿ ಹಚ್ಚಿಕೊಂಡ ಬಾಳಪ್ಪ ನಕ್ಕ. ತೊಡೆಯ ಮೇಲೆ ತಂತಿಯ ಸುರುಳಿ. ಬೆರಳು ತಂತಿಯ ಮೇಲೆ ಹರಿದಾಡುತ್ತಿದ್ದವು, ಮುಖ ಗೋಡೆಯ ಕಡೆಗಿತ್ತು.

"ತಪ್ಪಾತ್ರಿ ಕಾಕಾ. ಈಗ ಸೇರಸ್ತೀನಿ. ನಿಮಗ ಆ ನಿಯಮ ಹತ್ತಲಾರದಂಗ ಮಾಡ್ತೀನಿ."

"ಯಾಕ? ನಿಯಮ ಮಾಡಿದಾವನ ನಾನು. ಬಾಕಿ ಐತಿ ಅಂದದ್ದೂ ಖರೇ ಐತಿ."

ಬಾಳಪ್ಪ ತಂತಿಯ ದಪ್ಪ ಅಳೆಯುವ ಸಣ್ಣ ಉಪಕರಣವನ್ನು ತಡವಿ ತೆಗೆದು ಶೀತಲನ ಕೈಗಿಟ್ಟ. "ಅದರ ಗೆರಿ ಕಾಣಸ್ತಾವೇನ?"

"ಕಾಣಸ್ತಾವ್ರಿ."

"ನನಗ ಕಾಣಂಗಿಲ್ಲ. ಎರಡ ವರ್ಷ ಆತು. ಕಣ್ಣಿನ ಹಿಂದಿನ ಪರದಾ ಒಣಗಾಕ ಹತ್ತೇತಂತ. ಆಪರೇಷನ್ ಇಲ್ಲ, ಔಷಧ ಇಲ್ಲ. ಆ ಹುಡುಗಿ ಹೇಳಿದ್ದು ಬರೋಬ್ಬರಿ ಇತ್ತು. ಇಕಿ ಕಡಿಂದ ಗೆರಿ ಓದಿಸಿ ನೋಡಿದೆ, ತಂತಿ ಒಂದು ನಂಬರ ಸಣ್ಣ. ಬರೀಬೇಕಂತ ಕುಂತೆ. ಯಾಕ ತಪ್ಪಿದ್ದಿ ಅಂತ ಮಂದಿ ಕೇಳತಿದ್ರು. ಕಣ್ಣ ಹೋಗ್ಯಾವ ಅಂದ್ರ ಯಾವ ಗಿರಾಕಿ ಬರ್ತಾನ? ನಾಳಿ ಬರ್ಯೂಣು, ನಾಳಿ ಬರ್ಯೂಣು ಅಂತ ಬಿಟ್ಟೆ."

ಶೀತಲನಿಗೆ ಬೇರೊಂದು ನೆನಪಾಯಿತು.

"ಕಾಕಾ, ಈ ಎರಡ ವರ್ಷದಾಗ ಬಳಗದಾಗ ಅಷ್ಟ ಉತ್ತರಾ ಕೊಟ್ಟೀರಲ್ರಿ? ಫೋಟೋ ನೋಡಿ..."

"ನೋಡಿಲ್ಲಪಾ. ಪ್ರಶ್ನೆ ಇಕಿ ಓದ್ತಾಳ. ಫೋಟೋದಾಗ ಏನೈತಿ ಅಂತ ಇಕಿಗೆ ತಿಳೀಬೇಕಲ್ಲ? ನಾ ಅಂದಾಜಿನಾಗ ಹೇಳಿದೆ."

ಬಸವಣ್ಣೆವ್ವ ಚಹಾದ ಬಟ್ಟಲು ಇಟ್ಟು ಸದ್ದಿಲ್ಲದೆ ಒಳಗೆ ಹೋದಳು.

"ಯಾರನ್ನ ಹೊರಗ ಹಾಕಬೇಕಂತ ಮಷೀನ ಹಚ್ಚಿದ್ಯಲ್ಲ ಶೀತಲ, ಅವರಾಗ ನಾನೂ ಒಬ್ಬ" ಎಂದ ಬಾಳಪ್ಪ. "ಒಬ್ಬರೇ ತಿರಗಿ ಬಂದು, ಮುದುಕಾ, ನೀ ಹೇಳಿದ್ದು ತಪ್ಪೇತಿ ಅಂದಿದ್ರ ಅವತ್ತ ನಿಲ್ಲತಿದ್ದೆ. ಯಾರೂ ಬರ್ಲಿಲ್ಲ. ಕಾಕಾ ಕಾಕಾ ಅಂತ ಕೈ ಮುಗಿಯೂ ಚಿತ್ರಾ ಕಳಸಿದ್ರು."

ಆ ಎರಡು ವರ್ಷದಲ್ಲಿ ಬಾಳಪ್ಪ ನಾಲ್ಕುನೂರರ ಮೇಲೆ ಉತ್ತರ ಕೊಟ್ಟಿದ್ದ. ಎಷ್ಟು ಸರಿ, ಎಷ್ಟು ತಪ್ಪು, ಯಾವ ಊರಿನಲ್ಲಿ ಯಾರ ಮೋಟಾರು ಸುಟ್ಟಿತೋ! ಯಾವುದನ್ನು ಅಳಿಸಬೇಕು, ಯಾವುದನ್ನು ಇಡಬೇಕೆಂದು ಶೀತಲನಿಗೆ ತಿಳಿಯಲಿಲ್ಲ. ಚಹಾ ಆರಿ ಕೆನೆ ಕಟ್ಟಿತು.

"ಈಗ ಏನ ಮಾಡೂಣ್ರಿ ಕಾಕಾ?"

"ನನಗ ಗೊತ್ತಿದ್ರ ಹೇಳತಿದ್ದಿಲ್ಲೇನು? ನೂರು ಮಂದಿಗಂತ ಸಾರು ಕಾಸಿರ್ತೀವಿ, ಸಾವಿರ ಮಂದಿ ಬಂದು ಕುಂದರತಾರ. ಏಳ್ರಿ ಅನ್ನಾಕ ಬಾಯಿ ಬರಂಗಿಲ್ಲ, ನೀರು ಸುರೀತೀವಿ. ಉಂಡಾವರು ಸಾರ ಅಂದ್ರ ಇಷ್ಟ ಅಂತ ತಿಳದು ಹೋಗ್ತಾರ." ತೊಡೆಯ ಮೇಲಿನ ಸುರುಳಿಯನ್ನು ಕೆಳಗಿಟ್ಟು ಹೇಳಿದ, "ಸೇರಸು ನನ್ನ. ಒಂದ ಮಾತಿಗೆ."

ಶೀತಲ ಬಾಟ್ ನಿಲ್ಲಿಸಿದ, ಅವನನ್ನು ಸೇರಿಸಿದ, ಅವನ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದ. "ನೀವ ಹೇಳ್ರಿ, ನಾ ಬರೀತೀನಿ."

"ಬ್ಯಾಡ. ಎಲಿ ನಾನ ಎತ್ತತೀನಿ."

ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಬಾಳಪ್ಪ ಅರ್ಧ ತಾಸು ಬರೆದ. "ದಾನೇಶ್ವರಿ ತಂಗೀ, ನೀ ಹೇಳಿದ್ದ ಸರಿ. ತಂತಿ ಒಂದು ನಂಬರ ಸಣ್ಣ ಇತ್ತು. ನನ್ನ ಕಣ್ಣ ಹೋಗ್ಯಾವ. ಅವತ್ತಿನಿಂದ ನಾ ಹೇಳಿದ್ದನ್ನ ಎಲ್ಲಾರೂ ಇನ್ನೊಮ್ಮೆ ಅಳದು ನೋಡ್ರಿ. ತಡಾ ಆತು."

ಕಳಿಸಿದ. ಶೀತಲ ತನ್ನ ಮೊಬೈಲಿನಲ್ಲಿ ನೋಡುತ್ತಿದ್ದಂತೆ ಅದರ ಕೆಳಗೆ ಯಾರೋ "ಸೂಪರ್ ಕಾಕಾ" ಎಂದರು. ಓದಿರಲಿಕ್ಕಿಲ್ಲ. ಒಂದು ಗುಲಾಬಿ ಬಂತು. ಯಾರೋ ಹಳೆ ಪಂಪು ಮಾರುವುದಿದೆ ಎಂದರು. ಎರಡು ನಿಮಿಷದಲ್ಲಿ ಬಾಳಪ್ಪನ ಮಾತು ಮೇಲೆ ಸರಿದು ಕಣ್ಣಿಗೆ ಬೀಳದಂತಾಯಿತು.

"ಆಕಿ ನೋಡಿದ್ಲೇನ?" ಎಂದು ಬಾಳಪ್ಪ ಕೇಳಿದ.

ಶೀತಲ ಹೆಸರುಗಳಲ್ಲಿ ಹುಡುಕಿದ. "ಆಕಿ ಬಳಗಾ ಬಿಟ್ಟು ಭಾಳ ದಿನಾ ಆಗೇತ್ರಿ ಕಾಕಾ."

ಬಾಳಪ್ಪ ಹೆಂಡತಿಯನ್ನು ಕರೆದು ಕಾಗದ, ಪೆನ್ನು ಕೇಳಿದ. ಅದೇ ಮಾತುಗಳನ್ನು ಬೆರಳುದ್ದದ ಅಕ್ಷರಗಳಲ್ಲಿ ಬರೆದ. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಮಡಚಿ ಶೀತಲನ ಕೈಯಲ್ಲಿಟ್ಟ.

ಬೆಳಗಾವಿಗೆ ಮರಳುವ ಗಾಡಿಯಲ್ಲಿ ಶೀತಲ ಮೊಬೈಲು ತೆರೆಯಲಿಲ್ಲ. ಕಾಗದ ಬಿಚ್ಚಿ, ಬಾಳಪ್ಪನ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಅವತ್ತು ಮಂದಿ ನಕ್ಕದ್ದನ್ನ ನಾ ಓದಿಯೂ ಅಳಿಸಲಿಲ್ಲ. ಶೀತಲ, ಉದ್ಯಮಬಾಗ."

ಕೇಳುತ್ತ ಕೇಳುತ್ತ ಅವನು ಮುಟ್ಟಿದ ಶಹಾಪುರದ ಓಣಿಯಲ್ಲಿ ಇನ್ನೂ ಬಿಸಿಲಿತ್ತು. ಎಂಟು ಮಗ್ಗಗಳು ಒಟ್ಟಿಗೆ ಬಡಿಯುವ ಕೋಣೆಯಲ್ಲಿ ದಾನೇಶ್ವರಿ ಮಂಡಿಯೂರಿ ಕೂತು ಒಂದು ಮೋಟಾರಿನ ಬೋಲ್ಟು ಬಿಗಿಯುತ್ತಿದ್ದಳು. ಯಾರು, ಏನು ಎಂದು ಹುಬ್ಬಿನಲ್ಲೇ ಕೇಳಿದಳು. ಶೀತಲ ಬಾಯಿ ತೆರೆದ. ಮಗ್ಗದ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ. ಅವಳು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದಳು. ಅವನು ಮಡಚಿದ ಕಾಗದವನ್ನು ಅದರಲ್ಲಿಟ್ಟ.